ನಗರದ ಬಾವಿಯ ರಾಕೆಟ್‌ಗಳು: ಮದ್ದಿನ ಲೆಕ್ಕದಲ್ಲಿ ಯಾವುದನ್ನು ನಂಬುವುದು?

ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ ಎಷ್ಟು ದೂರ ಹೋಗುತ್ತಿತ್ತು? ಒಂದು ಪುಸ್ತಕ ಸಾವಿರ ಗಜ ಎನ್ನುತ್ತದೆ, ಇನ್ನೊಂದು ಎರಡು ಕಿಲೋಮೀಟರ್ ಎನ್ನುತ್ತದೆ, ಮತ್ತೊಂದು ಒಂದೂವರೆ ಮೈಲಿಗೆ ಏರಿಸುತ್ತದೆ. ಭಾಷಣಗಳಲ್ಲಿ, ಪಠ್ಯಗಳಲ್ಲಿ, ಪತ್ರಿಕೆಗಳಲ್ಲಿ ಈ ಅಂಕಿಗಳು ಒಂದರಿಂದ ಒಂದಕ್ಕೆ ದಾಟುತ್ತಾ ಬಂದಿವೆ. ಅದು ಯಾವ ಗಾತ್ರದ ಕೊಳವೆ, ಒಳಗೆ ಎಷ್ಟು ಮದ್ದಿತ್ತು, ಅದನ್ನು ಎಷ್ಟು ಬಿಗಿಯಾಗಿ ಜಡಿದಿದ್ದರು, ಯಾವ ಕೋನದಲ್ಲಿ ಹಾರಿಸಿದರು, ಅಳೆದವರು ಯಾರು ಎಂಬುದು ಮಾತ್ರ ಅಂಕಿಯ ಜೊತೆ ಬರುವುದಿಲ್ಲ.

ಮದ್ದನ್ನು ಕೈಯಲ್ಲಿ ತುಂಬುವ ಯಾವ ಆಯುಧಕ್ಕೂ ಇದೇ ತೊಡಕು. ಸೀಸದ ಗುಂಡನ್ನು ಎರಕ ಹೊಯ್ದು ಪಿಸ್ತೂಲಿನ ತೋಟಾವನ್ನು ತಾವೇ ತುಂಬಿಕೊಳ್ಳುವ ಹವ್ಯಾಸಕ್ಕೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ಅದಕ್ಕೆಂದೇ ಪರೀಕ್ಷಿಸಿದ ಕೈಪಿಡಿಗಳಿವೆ. ಅಲ್ಲಿ ಮದ್ದಿನ ತೂಕವನ್ನಷ್ಟೇ ಹೇಳಿ ಬಿಡುವುದಿಲ್ಲ. ಯಾವ ಮದ್ದು, ಗುಂಡಿನ ಸೀಸದಲ್ಲಿ ಏನೇನು ಬೆರೆತಿದೆ, ಯಾವ ಕೇಪು, ನಳಿಗೆ ಎಷ್ಟುದ್ದ ಎಂದು ಎಲ್ಲವನ್ನೂ ನಮೂದಿಸುತ್ತಾರೆ. ಒಂದು ಬದಲಾದರೂ ಉಳಿದ ಲೆಕ್ಕ ಬದಲಾಗುತ್ತದೆ, ತಪ್ಪಿದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ ಇಟ್ಟುಕೊಂಡ ಹಳಬರಿಗೆ ಅಂಥ ಪುಸ್ತಕವೇನೂ ಇರಲಿಲ್ಲ. ಮದ್ದು ಹಾಕಿ, ಗಜದಿಂದ, ಎಂದರೆ ಜಡಿಯುವ ಸರಳಿನಿಂದ, ಜಡಿದು, ಚರೆ ಸುರಿದ ಮೇಲೆ ಗಜ ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗುಳಿಯಿತು ಎಂಬುದೇ ಅವರ ಅಳತೆ. ಆ ಅಳತೆ ಆ ಕೋವಿಗೆ, ಆ ಕೈಗೆ ಸರಿ. ಪಕ್ಕದ ಮನೆಯ ಕೋವಿಗೆ ಅದು ಹೊಂದಬೇಕೆಂದಿಲ್ಲ.

ಮೈಸೂರು ರಾಕೆಟ್‌ನ ವಿಷಯದಲ್ಲೂ ಪ್ರಶ್ನೆಯನ್ನು ಹೀಗೆಯೇ ಇಡಬೇಕೆಂಬುದು ನನ್ನ ನಂಬಿಕೆ. ಇಟ್ಟು ನೋಡಲು ಶಿವಮೊಗ್ಗಕ್ಕಿಂತ ತಕ್ಕ ಜಾಗ ಬೇರೆ ಇಲ್ಲ.

ಬಿದನೂರಿನಿಂದ ಶಿವಮೊಗ್ಗಕ್ಕೆ

ಮದ್ದು ತುಂಬಿದ ಬಾಣಗಳನ್ನು ಮೊದಲು ಯುದ್ಧಕ್ಕೆ ತಂದವರು ಚೀನೀಯರು. ನಮ್ಮ ನೆಲದಲ್ಲಿ ಮೊಗಲರೂ ಮರಾಠರೂ ಅವನ್ನು ಬಳಸುತ್ತಿದ್ದರು. ಹೈದರನ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಕೈಕೆಳಗೆ ಐವತ್ತು ಮಂದಿ ರಾಕೆಟ್‌ಗಾರರ ತುಕಡಿಯ ಮುಖ್ಯಸ್ಥನಾಗಿದ್ದನೆಂದು ಹೇಳುತ್ತಾರೆ. ಹಾಗಾಗಿ ಮೈಸೂರು ಹೊಸತಾಗಿ ಮಾಡಿದ್ದು ರಾಕೆಟ್ಟನ್ನಲ್ಲ, ಅದರ ಮೈಯನ್ನು. ಯುರೋಪಿನವರು ಕಾಗದದ, ರಟ್ಟಿನ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದ ಕಾಲದಲ್ಲಿ ಇಲ್ಲಿ ಕಬ್ಬಿಣದ ಕೊಳವೆ ಬಂತು.

1763ರಲ್ಲಿ ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ. ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಅಲ್ಲಿ ಟಂಕಸಾಲೆ ಬಂತು, ಆಯುಧದ ಕಾರ್ಖಾನೆ ಬಂತು. ತಾರಾಮಂಡಲಪೇಟೆ ಎಂದು ಕರೆಸಿಕೊಂಡ ರಾಕೆಟ್ ತಯಾರಿಕೆಯ ಕೇರಿಗಳು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗಗಳ ಜೊತೆಗೆ ಬಿದನೂರಿನಲ್ಲೂ ಇದ್ದವೆಂಬುದು ರೂಢಿಯ ಮಾತು. ಟಿಪ್ಪುವಿನ ಕಾಲಕ್ಕೆ ‘ಫತುಲ್ ಮುಜಾಹಿದೀನ್’ ಎಂಬ ಸೇನಾ ಕೈಪಿಡಿಯ ಪ್ರಕಾರ ಒಂದೊಂದು ಕುಷೂನಿಗೆ, ಎಂದರೆ ದಳಕ್ಕೆ, 200 ರಾಕೆಟ್‌ಗಾರರು.

2002ರಲ್ಲಿ ಈ ನಗರದಲ್ಲಿ ಸುಮಾರು 160 ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಏನೆಂಬುದು ಆಗ ಯಾರಿಗೂ ಖಚಿತವಾಗಲಿಲ್ಲ. ಟಿಪ್ಪು ಕಾಲದ ರಾಕೆಟ್‌ಗಳೆಂದು ಗುರುತಿಸಲು ಹತ್ತು ವರ್ಷದ ಮೇಲೆ ಹಿಡಿಯಿತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯ ಆರ್. ಶೇಜೇಶ್ವರ ಅವರ ನೇತೃತ್ವದಲ್ಲಿ ಹದಿನೈದು ಜನರ ತಂಡ ಮೂರು ದಿನ ಅಲ್ಲಿನ ಒಂದು ಬತ್ತಿದ ಬಾವಿಯನ್ನು ಅಗೆಯಿತು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿದ್ದದ್ದೇ ಸುಳಿವು. ರಾಶಿಯಾಗಿ ಬಿದ್ದಿದ್ದ ಸಾವಿರಕ್ಕೂ ಹೆಚ್ಚು ಕೊಳವೆಗಳು ಮೇಲೆ ಬಂದವು, ಉದ್ದ 23ರಿಂದ 26 ಸೆಂಟಿಮೀಟರ್. ಅಲ್ಲಿಂದ ಅವುಗಳ ದಾರಿ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದ ಕಡೆಗೆ.

ಅದಕ್ಕೆ ಮೊದಲು ಜಗತ್ತಿನ ವಿದ್ವಾಂಸರು ಮೈಸೂರು ರಾಕೆಟ್ ಬಗ್ಗೆ ಬರೆಯುವಾಗ ಮುಖ್ಯವಾಗಿ ಆಧರಿಸುತ್ತಿದ್ದದ್ದು ಲಂಡನ್ನಿನ ವೂಲಿಚ್ ಸಂಗ್ರಹಕ್ಕೆ ಸೇರಿದ್ದ ಎರಡು ನಮೂನೆಗಳನ್ನು. ಎರಡು ಇದ್ದಲ್ಲಿ ಸಾವಿರ ಬಂದರೆ ಪ್ರಶ್ನೆಯ ಸ್ವರೂಪವೇ ಬದಲಾಗಬೇಕು. ಅದು ಎಷ್ಟು ಬದಲಾಗಿದೆ ಎಂಬುದಕ್ಕೆ ಮೊದಲು, ಹಿಂದಿನವರು ಏನೇನು ಹೇಳಿದರೆಂದು ನೋಡೋಣ.

ಶತ್ರು ಬರೆದಿಟ್ಟ ಲೆಕ್ಕ

ಮೊದಲನೆಯ ಪಂಥ ದಾಖಲೆಗಳನ್ನು ನಂಬುವವರದು. ದಾಖಲೆಗಳು ಬಹುಪಾಲು ಇಂಗ್ಲಿಷರವು, ಎಂದರೆ ರಾಕೆಟ್ ತಮ್ಮ ಮೇಲೆ ಬಿದ್ದವರು ಬರೆದವು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸೋತಾಗ ಮದ್ದಿನ ಬಂಡಿಗಳು ಸಿಡಿದದ್ದು ನಿಜ. ಅದಕ್ಕೆ ಕಾರಣ ರಾಕೆಟ್ಟೋ ಫಿರಂಗಿ ಗುಂಡೋ ಎಂಬುದರಲ್ಲಿ ಒಮ್ಮತವಿಲ್ಲ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನ ರಾತ್ರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ರಾಕೆಟ್ ಮತ್ತು ಬಂದೂಕಿನ ಏಟಿಗೆ ಚದುರಿತು. ಇಂಥ ಬರಹಗಳಿಂದ ಆಯುಧದ ಭಯ ಎಷ್ಟಿತ್ತೆಂದು ತಿಳಿಯುತ್ತದೆ. ದೂರ ತಿಳಿಯುವುದಿಲ್ಲ. ಕತ್ತಲಲ್ಲಿ, ಕುದುರೆಗಳು ಬೆದರಿ ಓಡುವಾಗ, ರಾಕೆಟ್ ಎಲ್ಲಿಂದ ಹೊರಟಿತೆಂದು ಗಜದ ಲೆಕ್ಕದಲ್ಲಿ ಹೇಳಲು ಯಾರಿಗೂ ಆಗದು.

‘ಸಾವಿರ ಗಜ’ ಎಂಬ ಅಂಕಿಯ ಹಿಂದಿರುವ ದೊಡ್ಡ ಹೆಸರು ವಿಲಿಯಂ ಕಾಂಗ್ರೀವ್. 1804ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸೇನಾ ರಾಕೆಟ್‌ನ ಪ್ರಯೋಗ ಶುರು ಮಾಡಿದವನು ಈತ. ಭಾರತದಲ್ಲಿ ರಾಕೆಟ್ ಯುದ್ಧಕ್ಕೆ ಬಳಕೆಯಲ್ಲಿದ್ದುದು ತನಗೆ ಗೊತ್ತಿತ್ತು, ಆದರೆ ಅವು ಚಿಕ್ಕವು, ಸಾವಿರ ಗಜ ಮೀರುತ್ತಿರಲಿಲ್ಲ ಎಂಬ ಅರ್ಥದಲ್ಲಿ ಅವನು ಬರೆದುಕೊಂಡಿದ್ದಾನೆ. ತನ್ನ ರಾಕೆಟ್ ಅದಕ್ಕಿಂತ ಬಹಳ ದೂರ ಹೋಗುತ್ತದೆ ಎಂದು ಸರ್ಕಾರಕ್ಕೆ ಮಾರಲು ಹೊರಟವನ ಮಾತು ಇದು. ಮೈಸೂರಿನದನ್ನು ಕಿರಿದಾಗಿಸಿದಷ್ಟೂ ಅವನದು ಹಿರಿದಾಗುತ್ತಿತ್ತು. ವಿಜ್ಞಾನದ ಇತಿಹಾಸಕಾರ ಸೈಮನ್ ವೆರೆಟ್ ಇದನ್ನೇ ಎತ್ತಿ ತೋರಿಸಿದ್ದಾರೆ: ಭಾರತೀಯರ ರಾಕೆಟ್ ಗೊತ್ತುಗುರಿಯಿಲ್ಲದ್ದು, ತನ್ನದು ಶಾಸ್ತ್ರೀಯವಾದದ್ದು ಎಂಬ ಚಿತ್ರವನ್ನು ಕಾಂಗ್ರೀವ್ ಕಟ್ಟಿದ. ಕಾಂಗ್ರೀವ್‌ಗೆ ದಾರಿ ತೋರಿಸಿದ್ದು ಮೈಸೂರಲ್ಲ, 1803ರ ಐರಿಷ್ ದಂಗೆಯ ರಾಬರ್ಟ್ ಎಮೆಟ್‌ನ ಕಡೆಯವರು ಮಾಡಿದ ರಾಕೆಟ್‌ಗಳು ಎನ್ನುವವರೂ ಇದ್ದಾರೆ. ಆದರೆ ಕಾಂಗ್ರೀವ್ ತಾನೇ ಭಾರತವನ್ನು ಹೆಸರಿಸಿರುವಾಗ ಆ ವಾದ ನನಗೆ ಬಲವಾಗಿ ಕಾಣುವುದಿಲ್ಲ.

ದಾಖಲೆಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ದೂರದ ಅಂಕಿಯಲ್ಲ, ಒಂದು ದಾಸ್ತಾನಿನ ಪಟ್ಟಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಸಿಕ್ಕಿದ್ದು ಹಾರಿಸುವ 600 ಸಾಧನಗಳು, ಬಳಕೆಗೆ ಸಿದ್ಧವಾಗಿದ್ದ 700 ರಾಕೆಟ್, ಮತ್ತು 9,000 ಖಾಲಿ ಕೊಳವೆ. ಸಿದ್ಧವಾದ ಒಂದಕ್ಕೆ ಹನ್ನೆರಡಕ್ಕಿಂತ ಹೆಚ್ಚು ಖಾಲಿ! ಅಂದರೆ ಕೊಳವೆ ಮಾಡುವ ಕೆಲಸ ಒಂದು, ಮದ್ದು ತುಂಬುವ ಕೆಲಸ ಇನ್ನೊಂದು. ಕಮ್ಮಾರನ ಕೆಲಸ ಮೊದಲೇ ಮುಗಿದಿರುತ್ತಿತ್ತು, ಮದ್ದನ್ನು ಬೇಕಾದಾಗ ತುಂಬುತ್ತಿದ್ದರು ಎಂದು ಊಹಿಸಬಹುದು. ಮದ್ದು ತೇವ ಹೀರುತ್ತದೆ, ಬಂಡಿಯ ಕುಲುಕಾಟದಲ್ಲಿ ಬಿರುಕು ಬಿಡುತ್ತದೆ. ತುಂಬಿಟ್ಟು ಬಹುಕಾಲ ಇಡುವ ವಸ್ತು ಅದಲ್ಲ. ಈ ಊಹೆ ಸರಿಯಾದರೆ ಒಂದೇ ಕೊಳವೆ ಇವತ್ತು ಒಬ್ಬನ ಕೈಯಲ್ಲಿ ತುಂಬಿದಾಗ ಹೋದ ದೂರ, ನಾಳೆ ಇನ್ನೊಬ್ಬನ ಕೈಯಲ್ಲಿ ಹೋಗುತ್ತಿರಲಿಲ್ಲ.

ಎಂಜಿನಿಯರ್ ಹಾಕಿದ ಲೆಕ್ಕ

ಎರಡನೆಯ ಪಂಥಕ್ಕೆ ಅಡಿಪಾಯ ಹಾಕಿದವರು ರೊದ್ದಂ ನರಸಿಂಹ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿದ್ದಾಗ 1985ರಲ್ಲಿ ಅವರು 1750ರಿಂದ 1850ರವರೆಗಿನ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಒಂದು ಪ್ರಬಂಧ ಬರೆದರು. ಭಾವುಕ ಹೆಮ್ಮೆಯ ಮಾತಾಗಿದ್ದದ್ದು ಅದರಿಂದ ಲೆಕ್ಕದ ಮಾತಾಯಿತು.

ಅವರ ಮುಖ್ಯ ವಿವರಣೆ ಸರಳ. ಮದ್ದು ಉರಿದಾಗ ಹುಟ್ಟುವ ಅನಿಲ ಹಿಂಬದಿಯ ಕಿರಿದಾದ ಬಾಯಿಂದ ನುಗ್ಗುತ್ತದೆ, ಆ ನೂಕು ರಾಕೆಟ್ಟನ್ನು ಮುಂದಕ್ಕೆ ಒಯ್ಯುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ನೂಕು ಹೆಚ್ಚು. ರಟ್ಟಿನ ಕೊಳವೆ ಆ ಒತ್ತಡಕ್ಕೆ ಒಡೆಯುತ್ತದೆ, ಕಬ್ಬಿಣ ತಡೆದುಕೊಳ್ಳುತ್ತದೆ. ಹಾಗಾಗಿ ಅದೇ ಮದ್ದಿನಿಂದ ಹೆಚ್ಚು ಕೆಲಸ ತೆಗೆಯಬಹುದು. ವೂಲಿಚ್‌ನ ನಮೂನೆಗಳಲ್ಲಿ ಒಂದರ ಕೊಳವೆ 58 ಮಿಲಿಮೀಟರ್ ಹೊರವ್ಯಾಸ, 254 ಮಿಲಿಮೀಟರ್ ಉದ್ದ. ಅದನ್ನು ಒಂದು ಮೀಟರಿಗಿಂತ ಸ್ವಲ್ಪ ಉದ್ದದ ನೇರ ಕತ್ತಿಯ ಅಲಗಿಗೆ ಚರ್ಮದ ಪಟ್ಟಿಯಿಂದ ಬಿಗಿದಿದ್ದರು. ಇನ್ನೊಂದು 37 ಮಿಲಿಮೀಟರ್ ವ್ಯಾಸ, 198 ಮಿಲಿಮೀಟರ್ ಉದ್ದ, ಕಟ್ಟಿದ್ದು 1.9 ಮೀಟರಿನ ಬಿದಿರಿಗೆ. ಕೋಲೋ ಅಲಗೋ ಹಿಂದೆ ಇದ್ದರೆ ಮಾತ್ರ ರಾಕೆಟ್ ನೆಟ್ಟಗೆ ಹೋಗುತ್ತದೆ.

ನರಸಿಂಹ ಕೇಳಿದ ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು: ಮೈಸೂರಿನ ಕುಶಲಕರ್ಮಿಗಳು ಮಾಡಿದ್ದನ್ನು ಬ್ರಿಟನ್ ಕೆಲವೇ ವರ್ಷಗಳಲ್ಲಿ ಮೀರಿಸಿದ್ದು ಹೇಗೆ? ಅವರ ಉತ್ತರದಲ್ಲಿ ನ್ಯೂಟನ್‌ನ ವಿಜ್ಞಾನವಿದೆ, ಕೈಗಾರಿಕಾ ಕ್ರಾಂತಿಯಿದೆ. ಅಳೆದು, ಬರೆದಿಟ್ಟು, ಮುಂದಿನವನಿಗೆ ಕೊಡುವ ಪದ್ಧತಿ ಅಲ್ಲಿ ಬೇರೂರಿತ್ತು. 1742ರಲ್ಲೇ ಬೆಂಜಮಿನ್ ರಾಬಿನ್ಸ್ ತೂಗುಬಿದ್ದ ಮರದ ತುಂಡಿಗೆ ಸೀಸದ ಗುಂಡು ಹೊಡೆದು, ಅದು ಎಷ್ಟು ತೂಗಾಡಿತೆಂದು ನೋಡಿ ಗುಂಡಿನ ವೇಗ ಕಂಡುಹಿಡಿಯುವ ಬಗೆಯನ್ನು ಪ್ರಕಟಿಸಿದ್ದ. ಬಾಣಬಿರುಸಿನ ರಾಕೆಟ್ ಎಷ್ಟು ಎತ್ತರ ಏರುತ್ತದೆಂದೂ 1749ರಲ್ಲಿ ಅಳೆದ. ಆ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂದು 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಹೈದರ್ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೆಸರು ಮಾಡಿ ಆಗ ಎರಡು ವರ್ಷವಾಗಿತ್ತು. ಅಳತೆಯ ವಿದ್ಯೆ ಬಲ್ಲವನೂ ಕಬ್ಬಿಣದ ರಾಕೆಟ್ಟಿಗೆ ಮುಂದೆ ಹೆಸರಾದವನೂ ಒಂದೇ ಕಾಲದಲ್ಲಿ ಇಷ್ಟು ಹತ್ತಿರದಲ್ಲಿದ್ದರು!

ಆದರೂ ಎಂಜಿನಿಯರರ ಲೆಕ್ಕಕ್ಕೆ ಒಂದು ಮಿತಿಯಿದೆ. ಕೊಳವೆಯ ಅಳತೆ ಗೊತ್ತು, ಮದ್ದಿನ ಗುಣ ಗೊತ್ತಿಲ್ಲ. ಮದ್ದಿನ ಬಲ, ಅದನ್ನು ಜಡಿದ ಬಿಗಿ, ನಡುವಿನ ಪೊಳ್ಳಿನ ಆಕಾರಗಳಿಗೆ ಒಂದೊಂದು ಬೆಲೆ ಊಹಿಸಿದರೆ ದೂರಕ್ಕೆ ಒಂದೊಂದು ಉತ್ತರ ಬರುತ್ತದೆ. ಟಿಪ್ಪುವಿನ ರಾಕೆಟ್‌ಗಾರರು ಕೊಳವೆಯ ವ್ಯಾಸ ಮತ್ತು ಗುರಿಯ ದೂರ ನೋಡಿ ಕೋನ ಲೆಕ್ಕ ಹಾಕುತ್ತಿದ್ದರೆಂದು ಹಲವರು ಬರೆಯುತ್ತಾರೆ. ಹಾಗೆ ಬರೆಯುವವರು ಲೆಕ್ಕದ ಪಟ್ಟಿಯನ್ನು ಮುಂದಿಡುವುದಿಲ್ಲ.

ಬಾವಿ ಉಳಿಸಿದ್ದು, ಬಾವಿ ಕೆಡಿಸಿದ್ದು

ಮೂರನೆಯ ಪಂಥ ವಸ್ತುವನ್ನೇ ಕೇಳೋಣ ಎನ್ನುತ್ತದೆ. ನಗರದ ಕೊಳವೆಯೊಂದನ್ನು ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ತುಕ್ಕಿನ ದಪ್ಪ ಹೊಪ್ಪಳೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಹಾಗಾಗಿ ಹೊರಗಿನಿಂದ ಅಳೆದ ವ್ಯಾಸ ಹುಟ್ಟಿದಾಗಿನ ವ್ಯಾಸವಲ್ಲ. ಗೋಡೆಯ ದಪ್ಪವನ್ನು ತಿಳಿಯಬೇಕಾದರೆ ಕ್ಷಕಿರಣ ಬೇಕು, ಇಲ್ಲವೇ ಕೊಯ್ದು ನೋಡಬೇಕು. ಉದ್ದ ಮಾತ್ರ ಅಷ್ಟಾಗಿ ಕೆಡುವುದಿಲ್ಲ. ವೂಲಿಚ್‌ನ ದೊಡ್ಡ ನಮೂನೆಯ 25.4 ಸೆಂಟಿಮೀಟರ್ ನಗರದ 23ರಿಂದ 26ರ ಒಳಗೇ ಕೂರುತ್ತದೆ, ಚಿಕ್ಕದು ಕೂರುವುದಿಲ್ಲ. ಒಂದು ಶ್ರೀರಂಗಪಟ್ಟಣದ ಲೂಟಿಯ ಮಾಲು, ಇನ್ನೊಂದು ಮಲೆನಾಡಿನ ಬಾವಿಯದು. ಎರಡೂ ಕಡೆ ಒಂದೇ ಅಳತೆಯ ದರ್ಜೆ ಇತ್ತೇ ಎಂಬ ಪ್ರಶ್ನೆಗೆ ಇದೊಂದು ಸಣ್ಣ ಎಳೆ.

ಒಳಗಿನ ಮದ್ದಿನ ವಿಷಯ ಇನ್ನೂ ಸೂಕ್ಷ್ಮ. ಕಪ್ಪು ಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಇವುಗಳ ಪಾಲು ಎಷ್ಟೆಷ್ಟು ಎಂದು ಪರೀಕ್ಷಿಸಿಬಿಟ್ಟರೆ ಎಲ್ಲ ಗೊತ್ತಾಗುತ್ತದೆ ಎಂದು ತೋರುವುದು ಸಹಜ. ಆದರೆ ಪೆಟ್ಲುಪ್ಪು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರು ಮಿಲಿಲೀಟರ್ ನೀರು 30 ಗ್ರಾಂಗಿಂತ ಹೆಚ್ಚನ್ನು ಕರಗಿಸಿಕೊಳ್ಳುತ್ತದೆ. ಗಂಧಕ, ಇದ್ದಿಲು ಕರಗುವುದಿಲ್ಲ. ನಗರದಂಥ ಭಾರಿ ಮಳೆಯ ಊರಿನ ಬಾವಿಯಲ್ಲಿ ಇನ್ನೂರು ಚಿಲ್ಲರೆ ವರ್ಷ ಬಿದ್ದಿದ್ದ ಕೊಳವೆಯಲ್ಲಿ ಇಂದು ಉಳಿದಿರುವ ಪಾಲು ಅಂದು ತುಂಬಿದ ಪಾಲಾಗಲು ಸಾಧ್ಯವಿಲ್ಲ. ಸಿಕ್ಕ ಅಂಕಿಯನ್ನು ‘ಟಿಪ್ಪುವಿನ ಮದ್ದಿನ ಸೂತ್ರ’ ಎಂದು ಮುದ್ರಿಸಿದರೆ ತಪ್ಪಾಗುತ್ತದೆ.

ಇಂಥ ಎಚ್ಚರ ಬೇಕೆನ್ನಲು ಒಂದು ಉದಾಹರಣೆ ಕಣ್ಣೆದುರೇ ಇದೆ. ಕೊಳವೆಗಳಲ್ಲಿ ಮೆಗ್ನೀಸಿಯಂ ಪುಡಿಯೂ ಇತ್ತೆಂದು ಆಗಿನ ಕೆಲವು ವರದಿಗಳಲ್ಲಿ ಬಂತು. ಮೆಗ್ನೀಸಿಯಂ ಎಂಬ ಲೋಹವನ್ನು ಹಂಫ್ರಿ ಡೇವಿ ಮೊದಲು ಬೇರ್ಪಡಿಸಿದ್ದು 1808ರಲ್ಲಿ, ಟಿಪ್ಪು ಮಡಿದು ಒಂಬತ್ತು ವರ್ಷದ ಮೇಲೆ. ಪರೀಕ್ಷೆಯಲ್ಲಿ ಮೆಗ್ನೀಸಿಯಂ ಅಂಶ ಕಂಡಿದ್ದರೆ ಅದು ಮಣ್ಣಿನದೋ, ಇದ್ದಿಲಿನ ಬೂದಿಯದೋ ಆಗಿರಬೇಕು. ಲೋಹದ ಪುಡಿಯಂತೂ ಅಲ್ಲ.

ಹಾಗಾದರೆ ಬಾವಿಯಿಂದ ಏನು ಕಲಿಯಬಹುದು? ಬಹಳ. ಒಂದೇ ಒಂದು ರಾಕೆಟ್‌ನಿಂದ ಕಲಿಯಲಾಗದ ಒಂದನ್ನು ಸಾವಿರ ರಾಕೆಟ್‌ನಿಂದ ಕಲಿಯಬಹುದು, ಅದು ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ. 23ರಿಂದ 26 ಎಂದಾಗ ಕೊಳವೆಗಳು ಮೂರೋ ನಾಲ್ಕೋ ನಿಗದಿತ ಅಳತೆಗಳ ಸುತ್ತ ಗುಂಪಾಗಿವೆಯೋ, ಇಲ್ಲ ಎಲ್ಲ ಅಳತೆಯಲ್ಲೂ ಚದುರಿವೆಯೋ? ಗುಂಪಾಗಿದ್ದರೆ ಕಮ್ಮಾರಸಾಲೆಯಲ್ಲಿ ಅಚ್ಚೋ ಮಾನದಂಡವೋ ಇತ್ತು. ಚದುರಿದ್ದರೆ ಪ್ರತಿಯೊಂದೂ ಕೈಯಂದಾಜಿನದು. ಒಂದೇ ಬಗೆಯ ಕೊಳವೆ ಇದ್ದರೆ ಮಾತ್ರ ಒಂದೇ ಬಗೆಯ ಹಾರಾಟವನ್ನು ನಿರೀಕ್ಷಿಸಬಹುದು. ‘ಎಷ್ಟು ದೂರ’ ಎಂಬ ಹಳೆಯ ಪ್ರಶ್ನೆಗಿಂತ ‘ಎಷ್ಟು ಹೆಚ್ಚುಕಡಿಮೆ’ ಎಂಬ ಪ್ರಶ್ನೆಯೇ ಮೈಸೂರಿನ ತಂತ್ರಜ್ಞಾನದ ಮಟ್ಟವನ್ನು ತೋರಿಸಿಕೊಡುತ್ತದೆ. ಗೊತ್ತುಗುರಿಯಿಲ್ಲದ್ದು ಎಂಬ ಕಾಂಗ್ರೀವ್‌ನ ಆಪಾದನೆಯೂ ಇದರದ್ದೇ ಆಗಿತ್ತು. ಅದಕ್ಕೆ ಉತ್ತರ ಕೊಡಬಲ್ಲ ಸಾಕ್ಷ್ಯ ಈ ಜಿಲ್ಲೆಯಲ್ಲಿ ಸಿಕ್ಕಿರುವಾಗ ನಾವು ಇನ್ನೂ ಮೈಲಿ-ಕಿಲೋಮೀಟರ್ ಹಿಡಿದು ಜಗ್ಗಾಡುವುದು ಬೇಸರದ ಸಂಗತಿ.

ಭದ್ರಾವತಿ ಮಾಡಬಹುದಾದದ್ದು

ಕಬ್ಬಿಣದ ಪ್ರಶ್ನೆಗೆ ಬಂದರೆ ಶಿವಮೊಗ್ಗದಿಂದ ದೂರ ಹೋಗಬೇಕಿಲ್ಲ. ಬೆಂಕಿಪುರ ಎಂದಿದ್ದ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲೇ ಕರಗಿಸುತ್ತಿತ್ತು. ಅದಕ್ಕೂ ಹಿಂದಿನ ಊರಕುಲುಮೆಗಳಲ್ಲಿ ಕಬ್ಬಿಣ ಪೂರ್ತಿ ಕರಗುತ್ತಿರಲಿಲ್ಲ. ಮೆತ್ತಗಾದ ಗಟ್ಟಿಯನ್ನು ಬಡಿದು ಬಡಿದು ಕಿಟ್ಟ ಹೊರಹಾಕುತ್ತಿದ್ದರು. ಪೂರ್ತಿ ಹೋಗದ ಕಿಟ್ಟದ ಎಳೆಗಳು ಕಬ್ಬಿಣದೊಳಗೆ ಉಳಿಯುತ್ತವೆ. ಆ ಎಳೆಗಳ ರಾಸಾಯನಿಕ ಗುಣ ಹಿಡಿದು ಅದಿರಿನ ಮೂಲದ ಸುಳಿವು ಪಡೆಯಬಹುದು. ನಗರದ ಕೊಳವೆಯ ಒಂದು ತುಣುಕನ್ನು ನುಣುಪು ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಹಾಳೆಯನ್ನು ಸುತ್ತಿ ಅಂಚು ಬೆಸೆದರೋ ಇಲ್ಲವೋ, ಬೆಸುಗೆ ಗಟ್ಟಿಯೋ ಸಡಿಲವೋ ಎಂಬುದೂ ತಿಳಿಯುತ್ತದೆ. ಕೊಳವೆ ತಡೆಯಬಲ್ಲ ಒತ್ತಡ ನಿಂತಿರುವುದು ಆ ಬೆಸುಗೆಯ ಮೇಲೆ. ಅಂದರೆ ನರಸಿಂಹ ಅವರ ವಾದದ ಮುಖ್ಯ ಕೊಂಡಿಯನ್ನು ಪರೀಕ್ಷಿಸುವ ಜಾಗ ಇದು.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇತಿಹಾಸ-ಪುರಾತತ್ತ್ವ ಓದುವವರಿದ್ದಾರೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ, ಉಕ್ಕಿನ ಕಣಕಣ ಓದಬಲ್ಲ ಜನ ಊರಲ್ಲೇ ಇದ್ದಾರೆ. ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದಾಗ ಊರಿಗೆ ಊರೇ ಕಂಗೆಟ್ಟಿತು. ಆ ಜ್ಞಾನ ಚದುರಿಹೋಗುವ ಮುನ್ನ ಈ ಕೆಲಸಕ್ಕೆ ಅದು ಒದಗಬೇಕು.

ಹಾರಿಸಿ ನೋಡಬೇಕೆನ್ನುವವರು

ನಾಲ್ಕನೆಯ ಪಂಥದ್ದು ಚಿಕ್ಕ ಮಾತು: ಅದೇ ಅಳತೆಯ ಹೊಸ ಕೊಳವೆ ಮಾಡಿಸಿ, ಹಳೆಯ ಕ್ರಮದಲ್ಲಿ ಮದ್ದು ತುಂಬಿ ಹಾರಿಸಿದರೆ ಆಯಿತಲ್ಲ? ಸ್ಫೋಟಕ ಕಾನೂನಿನಡಿ ಇದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ, ಮಾಡಲೂ ಬಾರದು. ಪರವಾನಗಿಯಿರುವ ಸಂಸ್ಥೆ ಮಾಡಿದರೂ ಸಿಗುವುದು ಇಂದಿನ ಕಬ್ಬಿಣದ, ಇಂದಿನ ಶುದ್ಧ ಪೆಟ್ಲುಪ್ಪಿನ ರಾಕೆಟ್‌ನ ಅಳತೆ. ಅದರಿಂದ ‘ಇದಕ್ಕಿಂತ ಹೆಚ್ಚು ಹೋಗುವುದು ಅಸಾಧ್ಯ’ ಎಂಬ ಮೇಲಿನ ಗೆರೆ ಸಿಗಬಹುದು. ಮೇಲಿನ ಗೆರೆ ಸಿಕ್ಕರೂ ಅತಿರೇಕದ ಅಂಕಿಗಳನ್ನು ಬದಿಗಿಡಲು ಸಾಕು. ಹಾಗಾಗಿ ಈ ಪಂಥವನ್ನು ನಾನು ತಳ್ಳಿಹಾಕಲಾರೆ. ಆದರೆ ಅದರ ಸರದಿ ಕೊಳವೆಗಳ ಅಳತೆ ಮುಗಿದ ಮೇಲೆ.

ಇತ್ಯರ್ಥವಾಗದೆ ಉಳಿದದ್ದು

ರಾಕೆಟ್‌ಗಳು ಬಾವಿಗೆ ಬಿದ್ದದ್ದು ಯಾವಾಗ ಎಂಬುದು ಇನ್ನೂ ಬಗೆಹರಿದಿಲ್ಲ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಬಿದನೂರನ್ನು ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಗೆದ್ದ. ಶತ್ರುವಿನ ಕೈಗೆ ಸಿಗದಿರಲೆಂದು ಆ ಗಡಿಬಿಡಿಯಲ್ಲಿ ಸುರಿದದ್ದಾದರೆ ಇವು ಹೈದರನ ಕಾಲದ ಮಾಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲಿನದಾದರೆ ಟಿಪ್ಪುವಿನ ಕೊನೆಗಾಲದ್ದು. ನಡುವಿನ ಹದಿನಾರು ವರ್ಷದಲ್ಲಿ ಕೊಳವೆ ಸುಧಾರಿಸಿತೇ ಎಂಬ ಪ್ರಶ್ನೆಯ ಉತ್ತರ ಇದರ ಮೇಲೆ ನಿಂತಿದೆ. ಶ್ರೀರಂಗಪಟ್ಟಣದಲ್ಲಿ ಬಹುಪಾಲು ಖಾಲಿ ಕೊಳವೆ, ಇಲ್ಲಿ ಮದ್ದು ತುಂಬಿದವು ಏಕೆ ಎಂಬುದೂ ಅದಕ್ಕೇ ಸೇರಿದ್ದು. ಇವನ್ನು ನಗರದಲ್ಲೇ ಮಾಡಿದರೋ ಬೇರೆಡೆಯಿಂದ ತಂದರೋ ಎಂಬುದನ್ನು ಕಿಟ್ಟದ ಪರೀಕ್ಷೆ ಹೇಳಬೇಕು.

ಇವೆಲ್ಲಕ್ಕೂ ಮೊದಲು ಒಂದು ತೀರ್ಮಾನ ಆಗಬೇಕು. ಬೆಸುಗೆ, ಕಿಟ್ಟದ ಎಳೆ ತಿಳಿಯಬೇಕಾದರೆ ಕೆಲವು ಕೊಳವೆಗಳನ್ನಾದರೂ ಕೊಯ್ಯಲೇಬೇಕು. ಕೊಯ್ದದ್ದು ಮತ್ತೆ ಕೂಡುವುದಿಲ್ಲ. ಕೊಯ್ಯದೆ ಬಿಟ್ಟರೂ ಮಲೆನಾಡಿನ ಮಳೆಗಾಲದ ತೇವ ವರ್ಷ ವರ್ಷವೂ ತನ್ನ ಪಾಲು ತಿನ್ನುತ್ತದೆ. ಸಾವಿರದಲ್ಲಿ ಎಷ್ಟನ್ನು ಪರೀಕ್ಷೆಗೆ ಬಿಡಬೇಕು, ಆರಿಸುವವರು ಯಾರು, ಅಳತೆಗಳನ್ನು ಕೊಳವೆಗೊಂದು ಸಾಲಿನಂತೆ ಎಲ್ಲರೂ ನೋಡುವ ಹಾಗೆ ಪ್ರಕಟಿಸುವವರು ಯಾರು ಎಂಬುದನ್ನು ಪುರಾತತ್ತ್ವ ಇಲಾಖೆ, ಲೋಹಶಾಸ್ತ್ರಜ್ಞರು, ಇತಿಹಾಸಕಾರರು ಒಟ್ಟಿಗೆ ಕುಳಿತು ಇನ್ನೂ ನಿರ್ಧರಿಸಬೇಕಾಗಿದೆ.